ಅವ್ವನ ದವಡೆಗೆ ಎಲುಬಿನ ಪುಡಿ ಹಾಕಬೇಕಂತೆ. ಅದು ಯಾವುದರ ಎಲುಬು ಅಂತ ಅವ್ವನಿಗೆ ಹೇಳಲಾ?

ನವನಗರದ ಮಗಳು

ಎಲ್ಲರಿಗೂ ಶರಣು. ಬಾಗಲಕೋಟೆಯಿಂದ ಬರೆಯುತ್ತಿದ್ದೇನೆ. ಉದ್ದ ಇದೆ, ಆದರೂ ಪೂರ್ತಿ ಓದಿ ಹೇಳಿ. ಮೂರು ದಿನದಿಂದ ಇದೇ ತಲೆಯಲ್ಲಿ ಕೂತಿದೆ.

ಅವ್ವನಿಗೆ 61 ವರ್ಷ. ಕೆಳಗಿನ ಬಲಗಡೆ ಕೊನೆಯ ಎರಡು ದವಡೆ ಹಲ್ಲುಗಳನ್ನು ಏಳು ವರ್ಷದ ಹಿಂದೆ ಕೀಳಿಸಿದ್ದೆವು. ಹತ್ತಿ ಕಚ್ಚಿಸಿದರು, ಮಾತ್ರೆ ಬರೆದುಕೊಟ್ಟರು, ಮನೆಗೆ ಬಂದೆವು. ಅವತ್ತಿನಿಂದ ಅವ್ವ ಎಡಗಡೆಯೇ ಅಗಿಯುವುದು. ಈಗ ಆ ಕಡೆಯ ಹಲ್ಲುಗಳೂ ಸವೆದು ಜುಮ್ ಅನ್ನುತ್ತವೆ. ಖಡಕ್ ರೊಟ್ಟಿ ಮುರಿದು ಬೇಳೆಯಲ್ಲಿ ನೆನೆಹಾಕಿ, ಮೆತ್ತಗಾಗುವ ತನಕ ಸುಮ್ನೆ ಕೂತಿರುತ್ತಾಳೆ. ನಾವೆಲ್ಲ ಉಂಡು ಎದ್ದರೂ ಅವಳ ತಾಟಿನಲ್ಲಿ ಅರ್ಧ ಹಾಗೇ ಇರುತ್ತದೆ.

ಇಂಪ್ಲಾಂಟ್ ಹಾಕಿಸೋಣ ಅಂತ ಹೋದ ವಾರ ತೋರಿಸಿದೆವು. ದವಡೆಯ ಎಲುಬಿನೊಳಗೆ ಲೋಹದ ಸ್ಕ್ರೂ ಕೂರಿಸಿ ಅದರ ಮೇಲೆ ಹಲ್ಲು ಕಟ್ಟುವುದು ಅದು. ಸಿಬಿಸಿಟಿ ಸ್ಕ್ಯಾನ್ ಮಾಡಿಸಿದರು. ಪರದೆಯ ಮೇಲೆ ದವಡೆಯನ್ನು ಬ್ರೆಡ್ಡಿನ ಹೋಳುಗಳ ಹಾಗೆ ಅಡ್ಡಡ್ಡ ಕತ್ತರಿಸಿ ತೋರಿಸುತ್ತದೆ. ಡಾಕ್ಟರು ಒಂದು ಹೋಳಿನ ಮೇಲೆ ಗೆರೆ ಎಳೆದು ಅಳತೆ ಹೇಳಿದರು. ದವಡೆಯೊಳಗೆ ಹಾದುಹೋಗುವ ನರದ ಮೇಲೆ ಎಲುಬಿನ ಎತ್ತರ 12 ಮಿ.ಮೀ., ಅದು ಸಾಕಂತೆ. ಆದರೆ ಮೇಲ್ತುದಿಯ ಅಗಲ ಬರೀ 3.4 ಮಿ.ಮೀ. ಮೊದಲು ಎಲುಬು ಬೆಳೆಸಬೇಕು, ಆರು ತಿಂಗಳು ಕಾಯಬೇಕು, ಆಮೇಲೆ ಇಂಪ್ಲಾಂಟ್ ಅಂದರು. ಇನ್ನೊಂದು ಕಡೆ ಕೇಳಿದೆವು. ಅವರು ಸಣ್ಣ ಎಕ್ಸರೇ ಒಂದನ್ನೇ ತೆಗೆದು, "ಎಲುಬು ಬೇಕಾದಷ್ಟಿದೆ, ಇದೇ ವಾರ ಹಾಕಿಬಿಡೋಣ" ಅಂದರು.

ನನ್ನ ಸಂಕಟ ಬೇರೆಯೇ ಇದೆ. ಎಲುಬು ಬೆಳೆಸಲು ಒಂದು ಪುಡಿ ಹಾಕುತ್ತಾರಂತೆ. ಯಾವುದರ ಪುಡಿ ಅಂತ ಕೇಳಿದೆ. "ಶುದ್ಧ ಮಾಡಿದ್ದು, ಚಿಂತೆ ಬೇಡ" ಅಂದರು. ಡಬ್ಬಿ ತೋರಿಸಿ ಅಂದೆ. ಮೇಲೆ ಬೋವೈನ್ ಅಂತ ಬರೆದಿತ್ತು. ಅಂದರೆ ದನದ್ದು. ಅವ್ವ ಹುಟ್ಟಿದಾಗಿನಿಂದ ತತ್ತಿ ಸಹ ಮುಟ್ಟಿಲ್ಲ. ಕೊರಳಲ್ಲಿ ಲಿಂಗ ಇದೆ, ದಿನಾ ಪೂಜೆ ಆಗದೆ ನೀರು ಕುಡಿಯುವುದಿಲ್ಲ. ತಮ್ಮ, "ಹೇಳಬೇಡ, ಹೇಳಿದರೆ ಚಿಕಿತ್ಸೆಯೇ ಬೇಡ ಅಂತಾಳೆ" ಅನ್ನುತ್ತಾನೆ. ನನಗೆ ಮನಸ್ಸು ಒಪ್ಪುತ್ತಿಲ್ಲ.

ಎಲುಬು ಬೆಳೆಸುವುದು ನಿಜವಾಗಿ ಬೇಕಾ? ದನದ್ದು ಬಿಟ್ಟು ಬೇರೆ ಏನಾದರೂ ಇದೆಯಾ? ಅವ್ವನಿಗೆ ಹೇಳಲಾ, ಬೇಡವಾ?

ಆಲಮಟ್ಟಿ ಅಣ್ಣ

ಹೇಳಿ ತಂಗಿ. ಬಾಯಿ ಅವರದು.

ಟಿಳಕವಾಡಿ ಕಾಕಾ

ಇಷ್ಟೆಲ್ಲಾ ಯಾಕೆ ಬೇಕು? ನಮ್ಮ ತಂದೆ ಇಪ್ಪತ್ತು ವರ್ಷ ಕಟ್ಟಿದ ಹಲ್ಲಿನ ಸೆಟ್ಟಿನಲ್ಲೇ ಉಂಡರು. ರಾತ್ರಿ ತೆಗೆದು ನೀರಿನಲ್ಲಿ ಇಡುವುದು, ಬೆಳಿಗ್ಗೆ ಹಾಕಿಕೊಳ್ಳುವುದು. 61ರ ವಯಸ್ಸಿಗೆ ದವಡೆ ಕೊಯ್ಯಿಸಿಕೊಳ್ಳುವುದು ಯಾವ ಕರ್ಮ? ತೆಗೆದು ಹಾಕುವ ಎರಡು ಹಲ್ಲು ಮಾಡಿಸಿಕೊಡಮ್ಮ.

ಶಹಾಪುರ ಪೇಟೆ

ಇಲ್ಲಾಂದ್ರೆ ಬ್ರಿಡ್ಜ್ ಮಾಡಿಸಿ. ಆಚೀಚೆ ಹಲ್ಲಿಗೆ ಕ್ಯಾಪ್ ಹಾಕಿ ನಡುವೆ ಹಲ್ಲು ತೂಗು ಹಾಕುತ್ತಾರೆ. ಹದಿನೈದು ದಿನದ ಕೆಲಸ. ನಂದು ಒಂಬತ್ತು ವರ್ಷದಿಂದ ಗಟ್ಟಿ ಇದೆ.

ಹಲ್ಲಿನ ಡಾಕ್ಟರ್, ಬೆಳಗಾವಿ

ಒಸಡು ಮತ್ತು ಎಲುಬಿನ ಕೆಲಸವೇ ನನ್ನದು, ಹದಿನಾಲ್ಕು ವರ್ಷದಿಂದ. ಒಂದೊಂದಾಗಿ ಹೇಳುತ್ತೇನೆ.

ಬ್ರಿಡ್ಜಿಗೆ ಎರಡೂ ಕಡೆ ಹಲ್ಲು ಬೇಕು. ಇವರ ತಾಯಿಗೆ ಹೋಗಿರುವುದು ಕೊನೆಯ ಎರಡು. ಹಿಂದೆ ಆಸರೆಗೆ ಹಲ್ಲೇ ಇಲ್ಲ. ಹಾಗಾಗಿ ಉಳಿಯುವುದು ತೆಗೆದು ಹಾಕುವ ಹಲ್ಲು ಅಥವಾ ಇಂಪ್ಲಾಂಟ್. ಕಾಕಾ ಹೇಳಿದ್ದು ತಪ್ಪಲ್ಲ, ತೆಗೆದು ಹಾಕುವ ಹಲ್ಲೂ ಒಂದು ದಾರಿ. ಆದರೆ ಅದು ಒಸಡಿನ ಮೇಲೆ ಕೂರುತ್ತದೆ, ಅದರ ಕೆಳಗೆ ಎಲುಬು ಇನ್ನೂ ಸವೆಯುತ್ತಲೇ ಹೋಗುತ್ತದೆ. ನಿಮ್ಮ ತಂದೆಯವರ ಸೆಟ್ಟು ಕೊನೆ ಕೊನೆಗೆ ಸಡಿಲ ಆಗಿತ್ತಾ, ನೆನಪಿಸಿಕೊಳ್ಳಿ ಕಾಕಾ.

ಎಲುಬು ಯಾಕೆ ಕರಗುತ್ತದೆ? ಹೊಲದ ಬದು ನೋಡಿರುತ್ತೀರಿ. ಮೇಲೆ ಗಿಡ ಇದ್ದಷ್ಟು ದಿನ ಮಣ್ಣು ಹಿಡಿದುಕೊಂಡು ನಿಲ್ಲುತ್ತದೆ. ಗಿಡ ಕಿತ್ತರೆ ಎರಡು ಮಳೆಗೆ ಬದು ಕರಗಿ ಸಣ್ಣಗಾಗುತ್ತದೆ. ಹಲ್ಲಿನ ಸುತ್ತಲಿನ ಎಲುಬೂ ಹಾಗೇ. ಹಲ್ಲಿಗಾಗಿಯೇ ಇರುವ ಎಲುಬು ಅದು. ಹಲ್ಲು ಕಿತ್ತ ಮೊದಲ ವರ್ಷದಲ್ಲೇ ಅಗಲದಲ್ಲಿ ಸುಮಾರು ಅರ್ಧದಷ್ಟು ಹೋಗಬಹುದು. ಅದರಲ್ಲೂ ಹೆಚ್ಚಿನ ಪಾಲು ಮೊದಲ ಮೂರು ತಿಂಗಳಲ್ಲೇ ಹೋಗುತ್ತದೆ. ಕೆನ್ನೆಯ ಕಡೆಯ ಗೋಡೆ ತೆಳು, ಅದೇ ಮೊದಲು ಕುಸಿಯುವುದು.

ದವಡೆ ಹಲ್ಲಿನ ಜಾಗಕ್ಕೆ ಸಾಮಾನ್ಯವಾಗಿ 4 ಮಿ.ಮೀ.ಗಿಂತ ದಪ್ಪದ ಇಂಪ್ಲಾಂಟ್ ಹಾಕುತ್ತೇವೆ. ಅದರ ಎರಡೂ ಪಕ್ಕ ಕನಿಷ್ಠ ಒಂದೊಂದೂವರೆ ಮಿ.ಮೀ. ಎಲುಬು ಇರಲೇಬೇಕು. ಅಂದರೆ ಆರೇಳು ಮಿ.ಮೀ. ಅಗಲ. ಇವರಿಗೆ ಇರುವುದು 3.4.

ಆ ಇನ್ನೊಬ್ಬರು ಸಣ್ಣ ಎಕ್ಸರೇ ನೋಡಿ ಎಲುಬು ಇದೆ ಅಂದರು, ಅಲ್ವಾ? ಆ ಎಕ್ಸರೇಯಲ್ಲಿ ಕಾಣುವುದು ಎತ್ತರ ಮಾತ್ರ. ಗೋಡೆಯ ಎದುರು ನಿಂತರೆ ಎತ್ತರ ಕಾಣುತ್ತದೆ, ಗೋಡೆ ಎಷ್ಟು ದಪ್ಪ ಅಂತ ಕಾಣುವುದಿಲ್ಲ. ಅದಕ್ಕೇ ಸಿಬಿಸಿಟಿ ಬೇಕು.

ಒಂದು ಪ್ರಶ್ನೆ ನಿಮಗೆ. ತುದಿಯಿಂದ 3 ಮಿ.ಮೀ. ಕೆಳಗೆ ಅಗಲ ಎಷ್ಟಿದೆ? ಕೆಲವರಿಗೆ ಮೇಲೆ ಚೂಪಾಗಿದ್ದು ಕೆಳಗೆ ಬೇಗ ಅಗಲ ಆಗುತ್ತದೆ. ಹಾಗಿದ್ದರೆ ತುದಿ ಸ್ವಲ್ಪ ಸವರಿ, ಗ್ರಾಫ್ಟ್, ಅಂದರೆ ಎಲುಬು ಬೆಳೆಸುವ ಕೆಲಸ, ಇಲ್ಲದೆಯೂ ಇಂಪ್ಲಾಂಟ್ ಹಾಕಲು ಬರುತ್ತದೆ.

ನವನಗರದ ಮಗಳು

ಮೇಡಂ, ಸಿಡಿ ಕೊಟ್ಟಿದ್ದರು, ಡಾಕ್ಟರ ಹತ್ತಿರವೇ ಹೋಗಿ ಅಳತೆ ಮಾಡಿಸಿಕೊಂಡು ಬಂದೆ. 3 ಮಿ.ಮೀ. ಕೆಳಗೆ 4.6 ಇದೆ.

ಹಲ್ಲಿನ ಡಾಕ್ಟರ್, ಬೆಳಗಾವಿ

ಹಾಗಾದರೆ ಗ್ರಾಫ್ಟ್ ಬೇಕು. ಸವರಿದರೆ ಎತ್ತರ 9ಕ್ಕೆ ಇಳಿಯುತ್ತದೆ. ನರದಿಂದ 2 ಮಿ.ಮೀ. ದೂರ ಬಿಡಲೇಬೇಕು. ಎತ್ತರವೂ ಹೋಗಿ ಅಗಲವೂ ಸಾಲದೆ ಆಗುತ್ತದೆ. ಮೊದಲ ಡಾಕ್ಟರು ಸರಿ ಹೇಳಿದ್ದಾರೆ.

ಇಂಡಿ ಲಿಂಬೆ ತೋಟ

ಹೇಳಬಾರದು ಅಂತ ನನ್ನ ಅಭಿಪ್ರಾಯ, ಬೈಯಬೇಡಿ. ನಿಮ್ಮ ಅವ್ವ ಈವರೆಗೆ ಎಷ್ಟು ಕ್ಯಾಪ್ಸೂಲ್ ನುಂಗಿರಬಹುದು? ಆ ಕ್ಯಾಪ್ಸೂಲಿನ ಹೊರಗಿನ ಪೊರೆ ಹೆಚ್ಚಾಗಿ ಜೆಲಟಿನ್. ಅದು ಪ್ರಾಣಿಯ ಚರ್ಮ, ಎಲುಬಿನಿಂದಲೇ ಬರುವುದು. ಹೃದಯದ ಆಪರೇಷನ್ ಹೊತ್ತಲ್ಲಿ ಕೊಡುವ ಹೆಪಾರಿನ್ ಇಂಜೆಕ್ಷನ್ ಹಂದಿಯ ಕರುಳಿನಿಂದ ತೆಗೆದದ್ದು. ಯಾರಿಗೆ ಹೇಳಿ ಕೊಟ್ಟಿದ್ದಾರೆ? ಔಷಧ ಅಂದರೆ ಔಷಧ. ವಯಸ್ಸಾದವರ ಮನಸ್ಸಿಗೆ ಹುಳ ಬಿಟ್ಟು, ಇರುವಷ್ಟು ದಿನ ರೊಟ್ಟಿ ನೆನೆಸಿ ತಿನ್ನಿಸುವುದು ಪುಣ್ಯದ ಕೆಲಸವಾ?

ಆಲಮಟ್ಟಿ ಅಣ್ಣ

ಕ್ಯಾಪ್ಸೂಲಿನ ವಿಷಯ ಗೊತ್ತಿಲ್ಲದೆ ಆಗಿದ್ದು. ಇದು ಮಗಳಿಗೆ ಗೊತ್ತಿದ್ದೂ ಮುಚ್ಚಿಡುವುದು. ಎರಡೂ ಒಂದೇ ಹೇಗಾಗುತ್ತದೆ?

ಇಂಡಿ ಲಿಂಬೆ ತೋಟ

ಜೀವ ಉಳಿಸುವ ವಿಷಯವಾಗಿದ್ದರೂ ಹೀಗೇ ಹೇಳುತ್ತಿದ್ದಿರಾ?

ಆಲಮಟ್ಟಿ ಅಣ್ಣ

ಆಗಲೂ ಹೇಳಿಯೇ ಕೇಳುತ್ತಿದ್ದೆ. ಇಲ್ಲಿ ಜೀವದ ಪ್ರಶ್ನೆಯೂ ಇಲ್ಲ. ಆರು ತಿಂಗಳ ಕೆಲಸ, ಆರು ದಿನ ಯೋಚಿಸಿದರೆ ಏನೂ ಹೋಗುವುದಿಲ್ಲ.

ಗುಮ್ಮಟದ ಬೀದಿ

ವಿಜಯಪುರದಿಂದ. ಹೋದ ವರ್ಷ ನಮ್ಮ ಅಬ್ಬಾಗೆ ಇದೇ ಕೆಲಸ ಆಯಿತು. ಪುಡಿಯ ಬಗ್ಗೆ ಎಲ್ಲರೂ ಕೇಳುತ್ತಾರೆ, ಪುಡಿಯ ಮೇಲೆ ಹೊದಿಸುವ ಪೊರೆಯ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೆ ಮೆಂಬ್ರೇನ್ ಅನ್ನುತ್ತಾರೆ. ಕೊಲಾಜಿನ್ ಪೊರೆಗಳಲ್ಲಿ ಹಂದಿಯದೂ ಇದೆ, ದನದ್ದೂ ಇದೆ. ಅಬ್ಬಾ ಕುರ್ಚಿ ಮೇಲೆ ಕೂತವರೇ ಮೊದಲು ಕೇಳಿದ ಮಾತು, "ಸಾಹೇಬ್ರೆ, ಇದರಲ್ಲಿ ಹಂದಿಯದು ಏನಾದರೂ ಇದೆಯಾ?" ಡಾಕ್ಟರು ಒಂದು ಚೂರೂ ಬೇಸರ ಮಾಡಿಕೊಳ್ಳಲಿಲ್ಲ. ಒಳಗೆ ಹೋಗಿ ಎರಡು ಡಬ್ಬಿ ತಂದು ಎದುರಿಗೆ ಇಟ್ಟು, ಲೇಬಲ್ ಓದಿ ಹೇಳಿದರು. ಮೊದಲು ಆರಿಸಿದ್ದ ಪೊರೆ ಹಂದಿಯದೇ ಆಗಿತ್ತು. ಬೇರೆ ತರಿಸಿದರು, ಒಂದು ವಾರ ತಡ ಆಯಿತು ಅಷ್ಟೇ.

ಅಕ್ಕಾ, ನಿಮ್ಮ ತಾಯಿಯವರಿಗೂ ಪೊರೆ ಯಾವುದು ಅಂತ ಕೇಳಿಬಿಡಿ. ಪುಡಿ ಬದಲಾಯಿಸಿ ಪೊರೆ ಅದೇ ಉಳಿದರೆ ಏನು ಬಂತು?

ನವನಗರದ ಮಗಳು

ಅಯ್ಯೋ, ಪೊರೆಯ ವಿಷಯ ನನಗೆ ಗೊತ್ತೇ ಇರಲಿಲ್ಲ. ತುಂಬಾ ಉಪಕಾರ ಆಯಿತು. ಬರೆದಿಟ್ಟುಕೊಂಡೆ.

ಹಲ್ಲಿನ ಡಾಕ್ಟರ್, ಬೆಳಗಾವಿ

ಇವರು ಹೇಳಿದ್ದು ನೂರಕ್ಕೆ ನೂರು ಸರಿ. ನಾವು ಡಾಕ್ಟರುಗಳು ಕೇಳುವ ಮೊದಲೇ ಹೇಳಬೇಕಾದ ಮಾತು ಇದು. ಏನೇನು ಸಿಗುತ್ತದೆ ಅಂತ ಈಗ ಹೇಳುತ್ತೇನೆ.

ದನದ ಎಲುಬಿನ ಪುಡಿಯಲ್ಲಿ ಮಾಂಸ, ಕೊಬ್ಬು, ಪ್ರೋಟೀನ್ ಎಲ್ಲವನ್ನೂ ಶಾಖ ಮತ್ತು ರಾಸಾಯನಿಕದಿಂದ ತೆಗೆದಿರುತ್ತಾರೆ. ಉಳಿಯುವುದು ಸುಣ್ಣದಂಥ ಖನಿಜ ಭಾಗ ಮಾತ್ರ. ಅದು ಬಹಳ ನಿಧಾನ ಕರಗುತ್ತದೆ, ಅದಕ್ಕೇ ಆಕಾರ ಚೆನ್ನಾಗಿ ಹಿಡಿದಿಡುತ್ತದೆ. ಡಾಕ್ಟರುಗಳು ಇದನ್ನು ಇಷ್ಟಪಡುವುದು ಈ ಕಾರಣಕ್ಕೆ. ಖನಿಜ ಮಾತ್ರ ತಾನೆ ಅಂತ ಒಪ್ಪುವ ಸಸ್ಯಾಹಾರಿಗಳೂ ಇದ್ದಾರೆ, ಒಪ್ಪದವರೂ ಇದ್ದಾರೆ. ಅದು ಅವರವರ ತೀರ್ಮಾನ.

ಮನುಷ್ಯರು ದಾನ ಕೊಟ್ಟ ಎಲುಬೂ ಇದೆ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್ ಅದನ್ನು ಸಂಸ್ಕರಿಸಿ, ವಿಕಿರಣದಿಂದ ಶುದ್ಧ ಮಾಡಿ ಕೊಡುತ್ತದೆ.

ಪ್ರಾಣಿ ಬೇಡ, ಮನುಷ್ಯರದ್ದೂ ಬೇಡ ಅಂದರೆ ಕೃತಕ ಪುಡಿ ಇದೆ. ಹೈಡ್ರಾಕ್ಸಿಅಪಟೈಟ್, ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್, ಬಯೋಗ್ಲಾಸ್ ಅಂತ. ಕಾರ್ಖಾನೆಯಲ್ಲಿ ಮಾಡಿದ್ದು. ಟ್ರೈಕ್ಯಾಲ್ಸಿಯಂ ಬೇಗ ಕರಗುತ್ತದೆ, ಹೈಡ್ರಾಕ್ಸಿಅಪಟೈಟ್ ನಿಧಾನ, ಅದಕ್ಕೆ ಎರಡನ್ನೂ ಬೆರೆಸಿದ್ದೂ ಸಿಗುತ್ತದೆ.

ಎಲ್ಲಕ್ಕಿಂತ ಒಳ್ಳೆಯದು ಅಂತ ನಾವು ಓದಿದ್ದು ರೋಗಿಯ ಸ್ವಂತ ಎಲುಬು. ಅದರಲ್ಲಿ ಜೀವ ಇರುವ ಕಣಗಳಿರುತ್ತವೆ, ಬೇರೆ ಯಾವ ಪುಡಿಯಲ್ಲೂ ಅದು ಇಲ್ಲ. ಗದ್ದದಿಂದ ಅಥವಾ ಕೆಳದವಡೆಯ ಹಿಂಭಾಗದಿಂದ ಕೆರೆದು ತೆಗೆಯುತ್ತೇವೆ. ತೊಂದರೆ ಅಂದರೆ ಇನ್ನೊಂದು ಕಡೆ ಗಾಯ, ಸ್ವಲ್ಪ ಜಾಸ್ತಿ ಬಾವು. ಸಿಗುವುದೂ ಕಡಿಮೆ. ಆದ್ದರಿಂದ ಅದಕ್ಕೆ ಕೃತಕ ಪುಡಿ ಬೆರೆಸುವುದು ರೂಢಿ.

ಪೊರೆಗೂ ಪರ್ಯಾಯ ಇದೆ. ಕೃತಕ ಪೊರೆಗಳಿವೆ, ಕೆಲವನ್ನು ಆಮೇಲೆ ತೆಗೆಯಬೇಕು. ಇನ್ನೊಂದು ಪಿಆರ್‌ಎಫ್. ರೋಗಿಯ ಕೈಯಿಂದಲೇ ರಕ್ತ ತೆಗೆದು ಯಂತ್ರದಲ್ಲಿ ತಿರುಗಿಸಿದರೆ ಹಳದಿ ಬಣ್ಣದ ಮುದ್ದೆ ಬರುತ್ತದೆ. ಅದನ್ನು ಒತ್ತಿ ಪೊರೆ ಮಾಡಿ ಹೊದಿಸುತ್ತೇವೆ. ಗಾಯ ಬೇಗ ಮಾಯಲು ಒಳ್ಳೆಯದು. ಆದರೆ ಅದು ಬೇಗ ಕರಗುತ್ತದೆ. ದೊಡ್ಡ ಜಾಗಕ್ಕೆ ಅದೊಂದನ್ನೇ ನಂಬಬಾರದು.

ರಬಕವಿ ಮಗ್ಗ

ನಂದು ಸ್ವಂತ ಎಲುಬಿನದೇ. ಎರಡು ವರ್ಷ ಆಯಿತು. ಬುದ್ಧಿಹಲ್ಲು ಇರುವ ಜಾಗದ ಹಿಂದಿನಿಂದ ಒಂದು ತುಂಡು ತೆಗೆದು ಮುಂದೆ ಕೂರಿಸಿ, ಸಣ್ಣ ಸ್ಕ್ರೂ ಹಾಕಿ ಬಿಗಿದರು. ಸುಳ್ಳು ಹೇಳುವುದಿಲ್ಲ, ತುಂಡು ತೆಗೆದ ಜಾಗವೇ ಹೆಚ್ಚು ನೋವು ಕೊಟ್ಟಿತು. ನಾಲ್ಕು ದಿನ ಮುಖ ಊದಿಕೊಂಡು ಮಗ್ಗಕ್ಕೆ ಕೂರಲಿಲ್ಲ. ಕೆಳತುಟಿ ಒಂದು ಕಡೆ ಎರಡು ತಿಂಗಳು ಜೋಮು ಹಿಡಿದ ಹಾಗೆ ಇತ್ತು. ಚಹಾ ಕುಡಿದರೆ ಗದ್ದದ ಮೇಲೆ ಸೋರಿದ್ದೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ತಾನಾಗಿ ಸರಿಹೋಯಿತು. ಐದು ತಿಂಗಳಿಗೆ ಇಂಪ್ಲಾಂಟ್, ಈಗ ಕಬ್ಬು ಸಿಗಿದು ತಿನ್ನುತ್ತೇನೆ.

ಇನ್ನೊಂದು ಮಾತು. ಹೊಲಿಗೆಯ ದಾರ ಕೇಳಿದ್ದೀರಾ? ನನಗೆ ಹಾಕಿದ್ದು ರೇಷ್ಮೆ. ನಾವು ದಿನಾ ನೇಯುವ ರೇಷ್ಮೆಯೇ ಬಾಯಲ್ಲಿ ಹೊಲಿಗೆ ಆಗಿತ್ತು. ಅದೂ ಹುಳುವಿನದೇ ಅಲ್ವಾ?

ಹಲ್ಲಿನ ಡಾಕ್ಟರ್, ಬೆಳಗಾವಿ

ಹೌದು. ಕೃತಕ ದಾರ ಬೇಕಾದಷ್ಟು ಇದೆ, ನೈಲಾನ್ ಇದೆ, ತಾನೇ ಕರಗುವ ವಿಕ್ರಿಲ್ ಇದೆ. ಕ್ಯಾಟ್‌ಗಟ್ ಅಂತ ಬಂದರೆ ಅದು ಕುರಿ, ದನದ ಕರುಳಿನದು, ಅಷ್ಟು ತಿಳಿದಿರಲಿ.

ಖಾನಾಪುರ ಮಳೆ

ನನ್ನದು ಮೇಲಿನ ದವಡೆ. ಅಲ್ಲಿ ಕಥೆಯೇ ಬೇರೆ. ಮೇಲಿನ ಹಿಂದಿನ ಹಲ್ಲುಗಳ ಮೇಲೆ ಸೈನಸ್ ಅಂತ ಗಾಳಿಯ ಖೋಲಿ ಇದೆ. ಹಲ್ಲು ಹೋದರೆ ಅದು ಕೆಳಗೆ ಇಳಿದು ಬರುತ್ತದೆ. ನನಗೆ ಎಲುಬು 3 ಮಿ.ಮೀ. ಉಳಿದಿತ್ತು. ಪಕ್ಕದಲ್ಲಿ ಸಣ್ಣ ಕಿಟಕಿ ತೆಗೆದು, ಒಳಗಿನ ತೆಳು ಪೊರೆ ಹರಿಯದ ಹಾಗೆ ಮೇಲಕ್ಕೆ ಎತ್ತಿ, ಕೆಳಗೆ ಪುಡಿ ತುಂಬಿದರು. ಸೈನಸ್ ಲಿಫ್ಟ್ ಅಂತಾರೆ. ಎಂಟು ತಿಂಗಳು ಕಾದೆ.

ಎರಡು ವಾರ ಮೂಗು ಸೀಟಬಾರದು, ಸ್ಟ್ರಾದಲ್ಲಿ ಕುಡಿಯಬಾರದು, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು ಅಂದಿದ್ದರು. ನಾನು ಮಾಡಿಸಿಕೊಂಡಿದ್ದು ಜುಲೈನಲ್ಲಿ. ಖಾನಾಪುರದ ಜುಲೈ ಗೊತ್ತಲ್ಲ, ಮನೆಯಲ್ಲಿ ಎಲ್ಲರಿಗೂ ನೆಗಡಿ. ಯಾರಾದರೂ ಮಾಡಿಸಿಕೊಳ್ಳುವುದಿದ್ದರೆ ಮಳೆಗಾಲ ಬಿಟ್ಟು ಮಾಡಿಸಿಕೊಳ್ಳಿ, ಮನಸ್ಸಿನಿಂದ ಹೇಳುತ್ತಿದ್ದೇನೆ.

ಮುಧೋಳದ ಮೇಷ್ಟ್ರು

ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಕ್ಷಮಿಸಿ. ಇಂಪ್ಲಾಂಟಿನ ಲೋಹ ಟೈಟಾನಿಯಂ ಎಲುಬಿಗೆ ಅಂಟುತ್ತದೆ ಅಂತ ಗೊತ್ತಾಗಿದ್ದೇ ಆಕಸ್ಮಿಕವಾಗಿ. ಸ್ವೀಡನ್ನಿನ ಬ್ರಾನೆಮಾರ್ಕ್ ಅನ್ನುವವರು 1952ರಲ್ಲಿ ಮೊಲದ ಕಾಲಿನ ಎಲುಬಿನಲ್ಲಿ ಟೈಟಾನಿಯಂ ಕೊಳವೆ ಇಟ್ಟು ಬೇರೇನೋ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಎಲುಬು ಹಿಡಿದುಕೊಂಡುಬಿಟ್ಟಿತ್ತು. 1965ರಲ್ಲಿ ಮೊದಲ ಸಲ ಮನುಷ್ಯರ ದವಡೆಗೆ ಹಾಕಿದರು. ಆ ರೋಗಿಗೆ ಅವು ನಲವತ್ತು ವರ್ಷ ಬಾಳಿದವು. ಒಂಬತ್ತನೇ ತರಗತಿಗೆ ಪಾಠ ಮಾಡುವಾಗ ಈ ಕಥೆ ಹೇಳಿದರೆ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಸಿಂದಗಿ ಜ್ವಾಳ

ಎಲ್ಲ ಸರಿ, ಇದು ದುಡ್ಡು ಮಾಡುವ ದಾರಿ ಅಂತ ಯಾರೂ ಯಾಕೆ ಹೇಳುತ್ತಿಲ್ಲ? ಸ್ಕ್ಯಾನಿಗೆ ದುಡ್ಡು, ಪುಡಿಗೆ ದುಡ್ಡು, ಪೊರೆಗೆ ದುಡ್ಡು, ಆಮೇಲೆ ಇಂಪ್ಲಾಂಟಿಗೆ, ಕ್ಯಾಪಿಗೆ. ನಮ್ಮ ಮಾವನವರಿಗೆ ಎರಡು ಹಲ್ಲಿಗೆ ಒಂದು ಲಕ್ಷದ ಹತ್ತಿರ ಬಂತು. ವಿಮೆಯವರನ್ನು ಕೇಳಿದರೆ ಅಪಘಾತ ಆಗಿದ್ದರೆ ಮಾತ್ರ ಹಲ್ಲಿಗೆ ಕೊಡುತ್ತೇವೆ ಅಂದರು. ಒಬ್ಬ ರೈತ ಎಲ್ಲಿಂದ ತರಬೇಕು?

ಹಲ್ಲಿನ ಡಾಕ್ಟರ್, ಬೆಳಗಾವಿ

ನಿಮ್ಮ ಸಿಟ್ಟು ನನಗೆ ಅರ್ಥ ಆಗುತ್ತದೆ. ಪುಡಿ, ಪೊರೆ ಎರಡೂ ತುಟ್ಟಿ. ಅರ್ಧ ಗ್ರಾಂ ಪುಡಿಗೇ ಸಾವಿರಗಟ್ಟಲೆ ಆಗುತ್ತದೆ. ಆದರೆ ಅಗಲ ಇಲ್ಲದ ಕಡೆ ಇಂಪ್ಲಾಂಟ್ ಹಾಕಿ ಅದು ಎರಡು ವರ್ಷಕ್ಕೆ ಅಲುಗಾಡಿದರೆ, ತೆಗೆದ ಮೇಲೆ ಮೊದಲಿದ್ದ ಎಲುಬೂ ಇರುವುದಿಲ್ಲ. ಖರ್ಚು ಎರಡರಷ್ಟು.

ಜಮಖಂಡಿ ಬಸ್ಸು

ದುಡ್ಡಿನ ಚಿಂತೆ ಇದ್ದವರು ಡೆಂಟಲ್ ಕಾಲೇಜಿಗೆ ಹೋಗಿ. ಬಾಗಲಕೋಟೆಯಲ್ಲಿ ಪಿ.ಎಂ. ನಾಡಗೌಡ ಕಾಲೇಜು, ಬೆಳಗಾವಿಯಲ್ಲಿ ಕೆಎಲ್‌ಇಯವರದು, ವಿಜಯಪುರದಲ್ಲಿ ಅಲ್-ಅಮೀನ್ ಇದೆ. ಹೊರಗಿನದಕ್ಕಿಂತ ಕಡಿಮೆ ಆಗುತ್ತದೆ. ಎಂಡಿಎಸ್, ಅಂದರೆ ಹಲ್ಲಿನ ಡಾಕ್ಟರಿಕೆಯಲ್ಲಿ ಮೇಲಿನ ಪದವಿ ಓದುವವರು ಮಾಡುತ್ತಾರೆ, ಪಕ್ಕದಲ್ಲಿ ಪ್ರೊಫೆಸರು ನಿಂತಿರುತ್ತಾರೆ. ಓಡಾಟ ಜಾಸ್ತಿ, ಸರತಿಯೂ ಜಾಸ್ತಿ. ನಾನು ಹನ್ನೊಂದು ಸಲ ಬಸ್ಸು ಹತ್ತಿ ಇಳಿದಿದ್ದೇನೆ. ಆದರೆ ಪ್ರತಿ ಸಲ ಏನು ಮಾಡುತ್ತಿದ್ದೇವೆ ಅಂತ ಕನ್ನಡಿ ಹಿಡಿದು ತೋರಿಸಿದರು, ಅದು ನನಗೆ ಬಹಳ ಹಿಡಿಸಿತು.

ತೇರದಾಳ ಹುಡುಗ

ನಂದು ಕೆಟ್ಟ ಅನುಭವ. ಗ್ರಾಫ್ಟ್ ಮಾಡಿದ ಮೂರನೇ ವಾರಕ್ಕೆ ಹೊಲಿಗೆ ಬಿಟ್ಟು, ಪುಡಿಯ ಕಾಳು ಕಾಳು ನಾಲಿಗೆಗೆ ಸಿಗಲು ಶುರುವಾಯಿತು. ಮರಳು ಅಗಿದ ಹಾಗೆ. ಎಲ್ಲಾ ಹೋಯಿತು. ತಪ್ಪು ನನ್ನದೇ. ಗುಟ್ಕಾ ಬಿಟ್ಟಿದ್ದೇನೆ ಅಂತ ಸುಳ್ಳು ಹೇಳಿದ್ದೆ. ಬಾಯಿಯೂ ಪೂರ್ತಿ ತೆರೆಯುತ್ತಿರಲಿಲ್ಲ, ಎರಡು ಬೆರಳು ಹೋಗುವಷ್ಟು ಮಾತ್ರ. ಇಂಪ್ಲಾಂಟಿನ ಮಾತು ಆಮೇಲೆ, ಮೊದಲು ಬಾಯಿ ಉಳಿಸಿಕೋ ಅಂದರು. ಈಗ ಹದಿನಾಲ್ಕು ತಿಂಗಳಾಯಿತು ಬಿಟ್ಟು. ತಮ್ಮಂದಿರು ಯಾರಾದರೂ ಓದುತ್ತಿದ್ದರೆ, ದಯವಿಟ್ಟು ಡಾಕ್ಟರ ಹತ್ತಿರ ನಿಜ ಹೇಳಿ.

ಖಾನಾಪುರ ಮಳೆ

ಬಿಟ್ಟಿದ್ದೀಯಲ್ಲ ತಮ್ಮಾ, ಅದೇ ದೊಡ್ಡದು. ಬಾಯಿ ತೆರೆಯುವ ವ್ಯಾಯಾಮ ತಪ್ಪಿಸಬೇಡ.

ಗೋಕಾಕ ಕರದಂಟು

ನಂಗೆ ಸಕ್ಕರೆ ಕಾಯಿಲೆ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 9.4 ಇತ್ತು. 7ರ ಹತ್ತಿರ ತಂದುಕೊಂಡು ಬನ್ನಿ ಅಂತ ವಾಪಸ್ ಕಳಿಸಿದರು. ಅವತ್ತು ಬೇಜಾರಾಗಿತ್ತು. ನಾಲ್ಕು ತಿಂಗಳು ನಡೆದೆ, ಅನ್ನ ಕಡಿಮೆ ಮಾಡಿದೆ, 7.1ಕ್ಕೆ ಬಂತು. ಆಮೇಲೆ ಗಾಯ ಚೆನ್ನಾಗಿ ಮಾಯಿತು. ನಿಮ್ಮ ತಾಯಿಗೆ ಸಕ್ಕರೆ ಇದೆಯಾ?

ಹುನಗುಂದ ಅಕ್ಕ

ಇದನ್ನೂ ಕೇಳಿಕೊಳ್ಳಿ. ಎಲುಬು ಸವೆತಕ್ಕೆ ಅಂತ ವರ್ಷಕ್ಕೊಮ್ಮೆ ಸಲೈನಿನಲ್ಲಿ ಕೊಡುವ ಇಂಜೆಕ್ಷನ್ ಅಥವಾ ವಾರಕ್ಕೊಮ್ಮೆ ತಗೊಳ್ಳುವ ಮಾತ್ರೆ ಏನಾದರೂ ನಡೆದಿದೆಯಾ? ನಮ್ಮ ಅತ್ತೆಗೆ ಆ ಇಂಜೆಕ್ಷನ್ ಆಗಿತ್ತು. ಮೊಣಕಾಲಿನ ಡಾಕ್ಟರು ಕೊಟ್ಟಿದ್ದು, ಹಲ್ಲಿನ ಡಾಕ್ಟರಿಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ. ಹಲ್ಲು ಕಿತ್ತ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ, ಒಳಗಿನ ಎಲುಬು ಬಿಳಿಯಾಗಿ ಹೊರಗೆ ಕಾಣುತ್ತಿತ್ತು. ಬಹಳ ನರಳಿದರು.

ಹಲ್ಲಿನ ಡಾಕ್ಟರ್, ಬೆಳಗಾವಿ

ಬಹಳ ಮುಖ್ಯವಾದ ಮಾತು. ಜೊಲೆಡ್ರೊನಿಕ್, ಅಲೆಂಡ್ರೊನೇಟ್, ಡೆನೊಸುಮ್ಯಾಬ್, ಈ ಹೆಸರುಗಳು ಹಳೆಯ ಚೀಟಿಯಲ್ಲಿ ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಲೇಬೇಕು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಹಾಗೇನಾದರೂ ಆಯಿತು ಅಂದರೆ ಕಷ್ಟ.

ನವನಗರದ ಮಗಳು

ಎಲ್ಲ ಚೀಟಿ ಹುಡುಕಿದೆ. ಅಂಥ ಇಂಜೆಕ್ಷನ್ ಆಗಿಲ್ಲ. ಸಕ್ಕರೆ ಇಲ್ಲ, ಬಿಪಿ ಮಾತ್ರೆ ಒಂದು ಇದೆ.

ನಿನ್ನೆ ರಾತ್ರಿ ಅವ್ವನಿಗೆ ಹೇಳಿದೆ. ಹೇಗೆ ಶುರು ಮಾಡಲಿ ಅಂತ ಗೊತ್ತಾಗದೆ, ಹಸಿಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದವಳ ಪಕ್ಕ ಹೋಗಿ ನಾನೂ ತೊಟ್ಟು ಬಿಡಿಸಿದೆ. ಆ ಪುಡಿ ದನದ ಎಲುಬಿನದು ಅಂತ ಹೇಳಿದೆ. ಅವ್ವನ ಕೈ ನಿಂತಿತು. ಸಿಟ್ಟು ಮಾಡಲಿಲ್ಲ. "ಇದನ್ನ ಮೂರು ದಿನ ನುಂಗಿಕೊಂಡು ಕೂತಿದ್ದೆಯಾ?" ಅಂದಳು. ತಮ್ಮ ಅಲ್ಲೇ ಇದ್ದ, ತಲೆ ತಗ್ಗಿಸಿದ. ಆಮೇಲೆ ಸ್ವಂತ ಎಲುಬು, ಕೃತಕ ಪುಡಿ, ರಕ್ತದಿಂದ ಮಾಡುವ ಪೊರೆ, ಇಲ್ಲಿ ನೀವೆಲ್ಲ ಹೇಳಿದ್ದನ್ನು ಓದಿ ಹೇಳಿದೆ. ಎರಡು ಕಡೆ ಗಾಯ ಆಗುತ್ತದೆ, ನೋವು ಜಾಸ್ತಿ ಅಂತಾನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋವು ನನಗಿರಲಿ. ನನ್ನ ಎಲುಬು ನನಗೇ ಹಾಕಲಿ" ಅಂದಳು.

ಆಲಮಟ್ಟಿ ಅಣ್ಣ

ದೊಡ್ಡ ಮನುಷ್ಯಳು ನಿಮ್ಮ ಅವ್ವ.

ಇಂಡಿ ಲಿಂಬೆ ತೋಟ

ನಾನು ಹೇಳಬಾರದು ಅಂದವನು. ಓದಿ ಸುಮ್ಮನಾದೆ. ಅವರು ಬೇಡವೇ ಬೇಡ ಅಂತಾರೆ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೆವು. ಕೇಳಿದರೆ ಅವರೇ ದಾರಿ ಹೇಳಿದರು.

ಟಿಳಕವಾಡಿ ಕಾಕಾ

ಡಾಕ್ಟರಮ್ಮ ಕೇಳಿದ ಮೇಲೆ ನೆನಪಾಯಿತು. ಕೊನೆಯ ಆರೇಳು ವರ್ಷ ಅಪ್ಪನ ಕೆಳಗಿನ ಸೆಟ್ಟು ಮಾತಾಡುವಾಗಲೂ ಏಳುತ್ತಿತ್ತು. ಊಟಕ್ಕೆ ತೆಗೆದೇ ಇಡುತ್ತಿದ್ದರು. ವಯಸ್ಸಾಯಿತು ಅಂತ ಅಂದುಕೊಂಡಿದ್ದೆವು.

ನನ್ನ ಪ್ರಶ್ನೆ ಒಂದು. ಹಲ್ಲು ಕೀಳುವಾಗಲೇ ಎಲುಬು ಉಳಿಸಿಕೊಳ್ಳಲು ಆಗುವುದಿಲ್ಲವೇ?

ಹಲ್ಲಿನ ಡಾಕ್ಟರ್, ಬೆಳಗಾವಿ

ಆಗುತ್ತದೆ ಕಾಕಾ. ನಾನು ಇಲ್ಲಿ ಬರೆಯಲು ಶುರು ಮಾಡಿದ್ದೇ ಈ ಮಾತಿಗೆ. ಹಲ್ಲು ಕಿತ್ತ ಗುಂಡಿಗೆ ಅವತ್ತೇ ಸ್ವಲ್ಪ ಪುಡಿ ತುಂಬಿ, ಪೊರೆ ಮುಚ್ಚಿ ಹೊಲಿದರೆ ಬದು ಬಹಳಷ್ಟು ಉಳಿಯುತ್ತದೆ. ಪೂರ್ತಿ ಅಲ್ಲ, ಬಹಳಷ್ಟು. ನಾಲ್ಕರಿಂದ ಆರು ತಿಂಗಳಿಗೆ ಇಂಪ್ಲಾಂಟ್ ಹಾಕಬಹುದು. ಆಮೇಲೆ ಮಾಡುವ ದೊಡ್ಡ ಗ್ರಾಫ್ಟಿಗಿಂತ ನೋವೂ ಕಡಿಮೆ, ಖರ್ಚೂ ಕಡಿಮೆ. ಹಲ್ಲನ್ನೂ ಜೋರು ಮಾಡಿ ಎಳೆಯದೆ, ಕೆನ್ನೆಯ ಕಡೆಯ ತೆಳು ಗೋಡೆ ಮುರಿಯದ ಹಾಗೆ ಬೇರು ಬಿಡಿಸಿ ತೆಗೆಯಬೇಕು.

ಎಲ್ಲರಿಗೂ ಇದು ಬೇಕಾಗಿಲ್ಲ. ಬುದ್ಧಿಹಲ್ಲಿಗೆ ಬೇಡ. ಮುಂದೆ ಇಂಪ್ಲಾಂಟ್ ಹಾಕಿಸುವ ಯೋಚನೆ ಇಲ್ಲದವರಿಗೂ ಬೇಡ. ಆದರೆ ಹಲ್ಲು ಕೀಳಿಸಲು ಕೂರುವ ಮೊದಲು, "ಆಮೇಲೆ ಇಲ್ಲಿ ಏನು ಹಾಕೋಣ, ಎಲುಬು ಉಳಿಸಿಕೊಳ್ಳಬೇಕಾ?" ಅಂತ ಒಂದು ಮಾತು ಕೇಳಿ. ಈ ಅಕ್ಕನ ತಾಯಿಗೆ ಏಳು ವರ್ಷದ ಹಿಂದೆ ಯಾರಾದರೂ ಈ ಒಂದು ಮಾತು ಹೇಳಿದ್ದರೆ ಇವತ್ತು ಎರಡು ಕಡೆ ಗಾಯ ಮಾಡುವ ಪ್ರಸಂಗವೇ ಬರುತ್ತಿರಲಿಲ್ಲ. ನಮ್ಮ ವೃತ್ತಿಯವರು ಹೇಳದೆ ಬಿಟ್ಟಿದ್ದಕ್ಕೆ ನನಗೆ ನಿಜವಾಗಿ ಬೇಸರ ಇದೆ.

ಸಿಂದಗಿ ಜ್ವಾಳ

ಹೋದ ತಿಂಗಳು ತಂಗಿ ಹಲ್ಲು ಕೀಳಿಸಿದಳು. ಈಗ ತಡ ಆಯಿತಾ?

ಹಲ್ಲಿನ ಡಾಕ್ಟರ್, ಬೆಳಗಾವಿ

ಒಂದು ತಿಂಗಳಾದರೆ ತಡ ಆಗಿಲ್ಲ. ಬೇಗ ಕರೆದುಕೊಂಡು ಹೋಗಿ ತೋರಿಸಿ. ಎರಡು ಮೂರು ತಿಂಗಳ ಒಳಗೆ ಯೋಜನೆ ಮಾಡಿದರೆ ಸಣ್ಣ ಗ್ರಾಫ್ಟಿನಲ್ಲೇ ಮುಗಿಯಬಹುದು.

ನವನಗರದ ಮಗಳು

ಎಲ್ಲರೂ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಕಾರ ಹುಣ್ಣಿಮೆ ಮುಗಿದ ವಾರ ಅವ್ವನಿಗೆ ಆಪರೇಷನ್ ಆಯಿತು. ಮೊದಲ ಡಾಕ್ಟರ ಹತ್ತಿರವೇ. ನಾನು ಚೀಟಿಯಲ್ಲಿ ಬರೆದುಕೊಂಡು ಹೋದದ್ದನ್ನೆಲ್ಲ ಕೇಳಿದೆ. ಪುಡಿ, ಪೊರೆ, ದಾರ. ಅವರು ಚೀಟಿ ಇಸಿದುಕೊಂಡು ಓದಿ, "ಇದು ನಾನೇ ನಿಮ್ಮನ್ನ ಕೇಳಬೇಕಿತ್ತು" ಅಂದರು. ಕೃತಕ ಪುಡಿ, ಕೃತಕ ಪೊರೆ, ವಿಕ್ರಿಲ್ ದಾರ ತರಿಸಿದರು.

ನನ್ನನ್ನು ಬಾಗಿಲ ಹತ್ತಿರ ನಿಲ್ಲಲು ಬಿಟ್ಟಿದ್ದರು. ಕೈಯಿಂದ ನಾಲ್ಕು ನಳಿಗೆ ರಕ್ತ ತೆಗೆದು ಯಂತ್ರದಲ್ಲಿ ಇಟ್ಟರು. ತೆಗೆದಾಗ ಮೇಲೆ ತಿಳಿ, ಕೆಳಗೆ ಕೆಂಪು, ನಡುವೆ ಹಳದಿ ಮುದ್ದೆ. ಅದನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಒತ್ತಿದರು, ಹಸಿ ಹಪ್ಪಳದ ಹಾಗೆ ತೆಳ್ಳಗಾಯಿತು. ದವಡೆಯ ಹಿಂದಿನಿಂದ ಕೆರೆದ ಎಲುಬು ಗಾಜಿನ ಬಟ್ಟಲಿನಲ್ಲಿ ಒಂದು ಚಮಚದಷ್ಟೂ ಇರಲಿಲ್ಲ. ಕೆಂಪು ಹತ್ತಿದ ಕೊಬ್ಬರಿ ತುರಿಯ ಹಾಗೆ ಇತ್ತು. ಅದಕ್ಕೆ ಬಿಳಿ ಪುಡಿ ಬೆರೆಸಿದರು. ಅದನ್ನು ನೋಡಿ ನನಗೆ ಕಣ್ಣು ತುಂಬಿ ಬಂತು, ಯಾಕೆ ಅಂತ ಗೊತ್ತಿಲ್ಲ.

ಎರಡು ದಿನ ಮುಖ ಚೆನ್ನಾಗಿ ಊದಿತ್ತು. ಐಸ್ ಇಟ್ಟೆವು. ತುಟಿಗೆ ಜೋಮು ಬಂದಿಲ್ಲ.

ರಬಕವಿ ಮಗ್ಗ

ಊಟಕ್ಕೆ ಏನು ಕೊಡುತ್ತಿದ್ದೀರಿ? ಮೊದಲ ಎರಡು ವಾರ ಆ ಕಡೆ ಏನೂ ತಾಗಬಾರದು. ನಮ್ಮ ಕಡೆಯವರಿಗೆ ರೊಟ್ಟಿ ಬಿಡುವುದೇ ಕಷ್ಟ.

ನವನಗರದ ಮಗಳು

ಬೇಳೆಯ ಕಟ್ಟು, ಮಜ್ಜಿಗೆ ಹಾಕಿದ ಜೋಳದ ನುಚ್ಚು, ಸಂಜೆ ರಾಗಿ ಅಂಬಲಿ. ಖಾರ, ಬಿಸಿ ಎರಡೂ ಬಂದ್. ಉಪ್ಪು ನೀರಿನಲ್ಲಿ ಜೋರಾಗಿ ಮುಕ್ಕಳಿಸದೆ, ಬಾಯಲ್ಲಿ ಹಿಡಿದು ಬಿಡಲು ಹೇಳಿದ್ದಾರೆ.

ಗುಮ್ಮಟದ ಬೀದಿ

ಅಬ್ಬಾ ನಿಮ್ಮ ತಾಯಿಯವರಿಗೆ ಸಲಾಂ ಹೇಳಿದ್ದಾರೆ. ಇಂಪ್ಲಾಂಟ್ ಯಾವಾಗ ಅಕ್ಕಾ?

ನವನಗರದ ಮಗಳು

ಅಬ್ಬಾ ಅವರಿಗೆ ನಮ್ಮ ಶರಣು ತಿಳಿಸಿ. ಹೊಲಿಗೆ ನಾಳೆ ನೋಡುತ್ತಾರೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಮತ್ತೆ ಸ್ಕ್ಯಾನ್, ಅಗಲ ಬಂದಿದ್ದರೆ ಇಂಪ್ಲಾಂಟ್. ಅದು ಎಲುಬಿಗೆ ಹಿಡಿಯಲು ಇನ್ನೂ ಮೂರು ತಿಂಗಳು. ಹಲ್ಲು ಬರುವುದು ಯುಗಾದಿಗೆ. ಈ ಸಲ ಹೊಲಕ್ಕೆ ಚರಗ ಚೆಲ್ಲಲು ಹೋದಾಗ ಸಜ್ಜೆ ರೊಟ್ಟಿ ನೆನೆಸಿಯೇ ತಿನ್ನಬೇಕು ಅಂತ ಅವ್ವನಿಗೆ ಈಗಲೇ ಹೇಳಿಟ್ಟಿದ್ದೇನೆ. ಸ್ಕ್ಯಾನಿನ ಅಳತೆ ಬಂದ ದಿನ ಇಲ್ಲೇ ಬರೆಯುತ್ತೇನೆ.